ಸಾರಕ್ಕಿ ಕೆರೆಗೆ ಕಸ ಒಯ್ದ ತಂಡ

ಸ್ನೇಹಿತರೇ, ನಮ್ಮ ಎಂಬಿಎ ಕಾಲೇಜಿನ ‘ನೈತಿಕ ನಾಯಕತ್ವ’ ಚಟುವಟಿಕೆಯ ನಾಯಕಿ ಸ್ಥಾನದಿಂದ ಸಿಂಧುವನ್ನು ಇಂದು ಮಧ್ಯಾಹ್ನ ತೆಗೆಯಲಾಯಿತು. ವಿಭಾಗದ ಮುಖ್ಯಸ್ಥರೇ ಅವಳನ್ನು ಸ್ಟಾಫ್ ರೂಮಿಗೆ ಕರೆಸಿ ಹೇಳಿದರು.

ಬೆಳಿಗ್ಗೆ ಅವಳ ವಿದ್ಯಾರ್ಥಿ ತಂಡ ಸಾರಕ್ಕಿ ಕೆರೆ ಸ್ವಚ್ಛಗೊಳಿಸಲು ಹೋದಾಗ ಪೌರಕಾರ್ಮಿಕರು ಆಗಲೇ ಗುಡಿಸಿ ಮುಗಿಸಿದ್ದರು. ಫೋಟೊಗೆಂದು ಹುಡುಗರು ನಮ್ಮ ಕ್ಯಾಂಟೀನಿನ ಕಸ ತಂದು ದಂಡೆಯಲ್ಲಿ ಸುರಿದು, ಮತ್ತೆ ಹೆಕ್ಕಿದರು. ಸಿಂಧು ವರದಿಯಲ್ಲಿ ಅದನ್ನೇ ಬರೆದಿದ್ದಳು.

"ಇದನ್ನೆಲ್ಲಾ ಯಾಕಮ್ಮ ಬರೆಯೋಕೆ ಹೋದೆ?" ಎಂದರು ಮುಖ್ಯಸ್ಥರು.

"ನಡೆದಿದ್ದೇ ಅದಲ್ವಾ ಸಾರ್?"

"ಲೀಡರ್ ಆದೋಳು ಟೀಮನ್ನ ಬಿಟ್ಕೊಡ್ತಾಳಾ?"

ಅವಳು ನನ್ನ ಕಡೆ ನೋಡಿದಳು. ನೈತಿಕ ನಾಯಕತ್ವದ ಪಾಠ ಮಾಡುವವನು ನಾನೇ. ನಾನು ಹಾಜರಿ ಪುಸ್ತಕ ನೋಡುತ್ತಾ ಕುಳಿತೆ.

ಹುಡುಗರು ಹೊಸ ವರದಿ ಬರೆಯುತ್ತಿದ್ದಾರೆ. ನಾಳೆ ಬೆಳಿಗ್ಗೆ ಹತ್ತಕ್ಕೆ ನಾನು ಅದಕ್ಕೆ ಸಹಿ ಹಾಕಬೇಕು.