ಬೇಸಿಗೆಗೂ ಎರಡೇ ಮಾತ್ರೆ

ಮೂರು ರಸ್ತೆ ಕೂಡುವ ಕಡೆ ಒಂದು ಬೇಕರಿ. ಅದರ ಯಜಮಾನನನ್ನು ಜನ ಕರೆಯುತ್ತಿದ್ದದ್ದು ಭಟ್ಟಿಯಣ್ಣ ಅಂತಲೇ. ಬ್ರೆಡ್ಡು ಬೇಯಿಸುವ ಭಟ್ಟಿಯ ಮುಂದೆ ಇಪ್ಪತ್ತೆರಡು ವರ್ಷ ನಿಂತವನು ಅನ್ನುವುದು ಒಂದು ಕಾರಣ. ಭಟ್ಟಿಗಾದರೂ ಬಾಗಿಲಿದೆ, ಇವನ ಸಿಟ್ಟಿಗೆ ಅದೂ ಇಲ್ಲ ಅನ್ನುವುದು ಇನ್ನೊಂದು.

ಕೆಲವು ವಾರ ಅವನಿಗೆ ನಿದ್ದೆಯೇ ಬೇಡ. ನಾಲ್ಕಾಳಿನ ಹಿಟ್ಟು ಒಬ್ಬನೇ ನಾದುವನು, ಬಂದವರನ್ನೆಲ್ಲ ನಗಿಸುವನು. ಅಷ್ಟರಲ್ಲಿ ಎಲ್ಲೋ ಒಂದು ಚಮಚ ಕೆಳಗೆ ಬಿದ್ದರೆ ಸಾಕು, ಕೆಂಡ. ಅಂಥ ಒಂದು ಮಧ್ಯಾಹ್ನ, ಬನ್ನು ತುಸು ಕಪ್ಪಾಯಿತೆಂದು ಕಾದ ತಟ್ಟೆಯನ್ನೇ ತಮ್ಮನ ಮೇಲೆ ಎಸೆದ. ಅದೇ ಬೇಕರಿಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ದುಡಿದ ಒಡಹುಟ್ಟಿದವನ ಕೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಟ್ಟಿತು. ತಮ್ಮ ಏಪ್ರನ್ ಬಿಚ್ಚಿಟ್ಟು ಹೊರಟುಹೋದ.

ಹೆಂಡತಿಯೇ ಮುಂದಾಗಿ ಇವನನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರಮ್ಮ ಬಿಡಿಸಿ ಹೇಳಿದರು: ಮಿದುಳಿನೊಳಗೆ ಸುದ್ದಿ ಮುಟ್ಟಿಸುವ ರಾಸಾಯನಿಕಗಳಿವೆ, ಅವುಗಳ ಹದ ತಪ್ಪಿದರೆ ನಿದ್ದೆ, ಮಾತು, ಸಿಟ್ಟು ಯಾವುದಕ್ಕೂ ಲಗಾಮು ಇರುವುದಿಲ್ಲ. ಅದೊಂದೇ ಕಾರಣ ಅಂತಲೂ ಅಲ್ಲ, ಆದರೆ ಮಾತ್ರೆಯಿಂದ ಅನುಕೂಲವಾಗುತ್ತದೆ. ಹದ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಭಟ್ಟಿಯಣ್ಣನಿಗೆ ನಿರಾಳ. ಹಾಗಾದರೆ ಹಿಟ್ಟಿನ ಹಾಗೇ ಅನ್ನಿ, ಎಂದ. ಅವರೂ ನಕ್ಕು ಹೂಂ ಅಂದರು. ಎಡವಟ್ಟಾದದ್ದು ಅಲ್ಲೇ.

ದಿನಕ್ಕೆ ಎರಡು ಮಾತ್ರೆ. ಕೆಲವು ವಾರ ಕಳೆದ ಮೇಲೆ ನಿದ್ದೆ ಬಂತು, ದನಿ ಇಳಿಯಿತು. ತಿಂಗಳುಗಟ್ಟಲೆ ದೂರದಿಂದಲೇ ನೋಡಿದ ತಮ್ಮ, ಕೊನೆಗೆ ಕೆಲಸಕ್ಕೆ ಮರಳಿದ. ವರ್ಷ ಒಂದು ಸುಖವಾಗಿ ಕಳೆಯಿತು.

ಆಮೇಲೆ ಬೇಸಿಗೆ ಬಂತು. ಭಟ್ಟಿಯ ಪಕ್ಕದ ಗೋಡೆಗೆ ಒಂದು ಕರಿಹಲಗೆ ಇತ್ತು. ಹಿಟ್ಟು, ಉಪ್ಪು, ಈಸ್ಟು ಯಾವ ಕಾಲಕ್ಕೆ ಎಷ್ಟು ಅನ್ನುವ ಲೆಕ್ಕ ಅದರಲ್ಲಿ. ಸೆಕೆಯಲ್ಲಿ ಹಿಟ್ಟು ಬೇಗ ಉಬ್ಬುತ್ತದೆ, ಅದಕ್ಕೇ ಬೇಸಿಗೆಯಲ್ಲಿ ಈಸ್ಟು ಅರ್ಧ. ತಲೆಯೂ ಹಿಟ್ಟಿನ ಹಾಗೇ ಅಂದಮೇಲೆ, ಬಿಸಿಲಿಗೆ ಮಾತ್ರೆಯೂ ದುಪ್ಪಟ್ಟು ಕೆಲಸ ಮಾಡಬೇಕಲ್ಲ? ಯಾರಿಗೂ ಹೇಳದೆ ಅದನ್ನೂ ಅರ್ಧ ಮಾಡಿದ.

ಮೂರು ವಾರಕ್ಕೆ ನಿದ್ದೆ ಹೋಯಿತು, ನಗಿಸುವುದು ಶುರುವಾಯಿತು. ತಮ್ಮ ಮಾತ್ರ ನಗಲಿಲ್ಲ. ಒಂದು ಬೆಳಿಗ್ಗೆ ಬ್ರೆಡ್ಡು ಸೀದಾಗ ಅಣ್ಣ, ಬ್ರೆಡ್ಡನ್ನು ಭಟ್ಟಿಯೊಳಗೆ ತಳ್ಳುವ ಉದ್ದ ಹಿಡಿಯ ಮರದ ಸಲಿಕೆ ಎತ್ತಿದ. ಮುಖಕ್ಕೆ ಅಡ್ಡವಾಗಿ ತಮ್ಮ ಹಿಡಿದದ್ದು ಅದೇ ಸುಟ್ಟ ಕೈಯನ್ನು. ಕಲೆ ಕಂಡದ್ದೇ ಸಲಿಕೆ ಕೈಜಾರಿತು. ತಮ್ಮ ಮತ್ತೆ ಏಪ್ರನ್ ಬಿಚ್ಚಿದ.

ಭಟ್ಟಿಯಣ್ಣ ಅವತ್ತೇ ಹೋಗಿ ಮಾತ್ರೆ ಅರ್ಧ ಮಾಡಿದ್ದನ್ನು ಹೇಳಿದ. ಡಾಕ್ಟರಮ್ಮ ಎಲ್ಲ ಕೇಳಿ ಹಣೆ ಒತ್ತಿಕೊಂಡರು. "ಬೇಸಿಗೇಲಿ ಹಿಟ್ಟು ಬಿಸಿ ಆಗುತ್ತೆ, ಯಜಮಾನರೇ. ತಲೆ ಒಳಗಿನ ಶಾಖ ಎಲ್ಲಾ ಕಾಲಕ್ಕೂ ಒಂದೇ."

ಅಲ್ಲಿಂದ ಅವನು ನೇರ ಹೋದದ್ದು ತಮ್ಮನ ಮನೆಗೆ. ನಡೆದದ್ದನ್ನು ನಡೆದ ಹಾಗೆ ಹೇಳಿದ. ತಮ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ.

"ಒಂದು ಕೇಳ್ತೀನಿ ಅಣ್ಣ. ಅವತ್ತು ತಟ್ಟೆ ಎಸೆದಿದ್ದು ನೀನಾ, ಆ ರಾಸಾಯನಿಕಾನಾ?"

ಎಷ್ಟೋ ದಿನ ಭಟ್ಟಿಯಣ್ಣನೂ ತನ್ನನ್ನೇ ಕೇಳಿಕೊಂಡಿದ್ದ ಪ್ರಶ್ನೆ ಅದು.

"ಅವತ್ತಿಂದು ನನಗೂ ಗೊತ್ತಿಲ್ಲ ಕಣೋ. ಈ ಸಲದ್ದು ಗೊತ್ತು. ಮಾತ್ರೆ ಅರ್ಧ ಮಾಡಿದ್ದು ನಾನೇ."

ತಮ್ಮ ಆ ದಿನ ಅವನ ಜೊತೆ ಬರಲಿಲ್ಲ.

ಒಂದು ತಿಂಗಳಾದ ಮೇಲೆ ಒಂದು ದಿನ ಬೇಕರಿಯ ಒಳಗೆ ಬಂದ. ಅಣ್ಣ ಹಿಟ್ಟು ನಾದುತ್ತಿದ್ದ. ಕರಿಹಲಗೆಯ ಮೇಲೆ, ಈಸ್ಟಿನ ಸಾಲಿನ ಕೆಳಗೆ, ಹೊಸದೊಂದು ಸಾಲು, ಬಂದವರೆಲ್ಲ ಓದುವ ಹಾಗೆ: ಭಟ್ಟಿಯಣ್ಣನಿಗೆ ಮಾತ್ರೆ, ಬೇಸಿಗೆ ಎರಡು, ಚಳಿಗಾಲ ಎರಡು.

ತಮ್ಮ ಅದನ್ನು ಓದಿದ, ಇನ್ನೊಮ್ಮೆ ಓದಿದ. "ಮಳೆಗಾಲ ಬಿಟ್ಟಿದ್ದೀಯ," ಅಂದ. ಸೀಮೆಸುಣ್ಣ ತೆಗೆದುಕೊಂಡು ತಾನೇ ಮಳೆಗಾಲ ಎರಡು ಅಂತ ಬರೆದ. ಆಮೇಲೆ ಮೊಳೆಗೆ ತೂಗುಹಾಕಿದ್ದ ಏಪ್ರನ್ನಿಗೆ ಕೈಹಾಕಿದ.