ಅಂಡಿ ಇಲ್ಲದ ತೆಲುಗು

ಮುಳಬಾಗಿಲಲ್ಲಿ ಅಕ್ಕಿ ಮಂಡಿ ಮೇಲಿನ ಮಹಡಿಗೆ ಫೋನ್ ಆಫೀಸು ಬಂದಾಗ ನಾನು ಅಲ್ಲಿ ಕಸ ಗುಡಿಸಿ ಟೀ ಕಾಯಿಸ್ತಿದ್ದೆ. ಕಂಪನಿ ಯಾವುದೋ ಪರದೇಶದ್ದು, ಮೊಬೈಲ್ ಮಾರೋದು. ಇಂಗ್ಲಿಷಿನೋರು ಫೋನ್ ಮಾಡಿದರೆ ಅದು ಸಮುದ್ರ ದಾಟಿ ಇನ್ನೊಂದು ದೇಶಕ್ಕೆ ಹೋಗ್ತದಂತೆ, ಹಿಂದಿಯೋರದು ದಿಲ್ಲಿ ಕಡೆಗೆ. ಆಂಧ್ರದೋರು ಮೊಬೈಲ್ ಕೆಟ್ಟಿತು ಅಂತ ಬಯ್ಯೋಕೆ ಮಾಡಿದರೆ ನಮ್ಮೂರಲ್ಲಿ ಗಂಟೆ ಹೊಡೆಯೋದು. ಇಲ್ಲಿ ಬಾಡಿಗೆ ಕಮ್ಮಿ, ಹುಡುಗೀರಿಗೆಲ್ಲ ತೆಲುಗು ಬರ್ತದೆ. ಅದಕ್ಕೇ ಬಂದಿದ್ದು, ನಮ್ಮ ಮುಖ ನೋಡಿ ಅಲ್ಲ.

ನನ್ನ ಸೊಸೇನೂ ಸೇರಿಸಿದೆ. ಮೂರು ತಿಂಗಳು ನೋಡಿ ಕಾಯಂ ಮಾಡ್ತೀವಿ ಅಂದರು. ಎರಡನೇ ತಿಂಗಳಿಗೇ ಗೋದಾವರಿ ಕಡೆ ಮೇಷ್ಟ್ರೊಬ್ಬ ದೂರು ಕೊಟ್ಟ, ಈ ಹುಡುಗಿ ನನ್ನನ್ನ ಆಳಿನ ಥರ ಮಾತಾಡಿಸಿದಳು ಅಂತ. ಇವಳು ಅಂದಿದ್ದು "ಏಮಣ್ಣಾ, ಏಮಾಯ ಚೆಪ್ಪು." ಏನಣ್ಣಾ, ಏನಾಯ್ತು ಹೇಳು, ಅಷ್ಟೇ. ಅಣ್ಣ ಅಂದಮೇಲೆ ಇನ್ನೇನು ಮರ್ಯಾದೆ ಬೇಕು? ಅವರಿಗೆ ಚೆಪ್ಪಂಡಿ ಅನ್ನಬೇಕಂತೆ. ನಮ್ಮ 'ರೀ' ಇದ್ದಂಗೆ ಅವರಿಗೆ ಅಂಡಿ. ಅದಿಲ್ಲದಿದ್ದರೆ ಕೆಲಸ ಇಲ್ಲ ಅಂದಳು ಬೆಂಗಳೂರಿನ ಮೇಡಂ. ನಾನು ಆ ಅಂಡಿ ಕೇಳಿದ್ದು ತಿರುಪತೀಲಿ, ಜರಗಂಡಿ ಅಂತ ಬೆನ್ನಿಗೆ ಕೈ ಹಾಕಿ ತಳ್ಳೋವಾಗ.

ಸೊಸೆ ಮನೇಲಿ ಅಭ್ಯಾಸ ಮಾಡಿದಳು. ಕೋಳಿಗೂ ಅಂಡಿ, ಎಮ್ಮೆಗೂ ಅಂಡಿ.

"ಲೇ, ಮಾತಿಗೆಲ್ಲ ಅಂಡು ಅಂಟಿಸ್ತೀಯಲ್ಲೇ" ಅಂದೆ.

"ನಗಬೇಡ ಅತ್ತೆ. ಕೆಲಸ ಹೋದರೆ ಮತ್ತೆ ಟೊಮೆಟೊ ಕೀಳೋಕೆ ಹೋಗಬೇಕು."

ಬಿಸಿಲಿಗೆ ನಿಂತರೆ ಅವಳಿಗೆ ತಲೆ ಸುತ್ತು.

ಮೂರನೇ ತಿಂಗಳ ಕಡೇ ವಾರ ಮೇಡಂ ಸೊಸೆ ಪಕ್ಕದಲ್ಲೇ ಕೂತು ಇನ್ನೊಂದು ಹೆಡ್‌ಫೋನಲ್ಲಿ ಕೇಳ್ತಿದ್ದಳು. ನಾನು ಟೀ ಹಿಡ್ಕೊಂಡು ನಿಂತಿದ್ದೆ. ಫೋನ್ ಮಾಡಿದೋಳು ಮದನಪಲ್ಲಿ ಕಡೆ ಮುದುಕಿ, ನಮ್ಮಂಗೇ ಅಂಡಿ ಇಲ್ಲದ ತೆಲುಗಿನೋಳು. ಸೊಸೆ ಅಂಡಿ ಅಂಡಿ ಅಂತ ವಿಚಾರಿಸಿದ್ದೇ, ಮುದುಕಿ ಇದ್ಯಾರೋ ಸರ್ಕಾರದೋರು ಅಂತ ಹೆದರಿ ಫೋನ್ ಇಡೋಕೆ ಹೋದಳಂತೆ. ಸೊಸೆ ಒಂದ್ಸಲ ಮೇಡಂ ಕಡೆ ನೋಡಿದಳು. ಆಮೇಲೆ ನೋಡಲಿಲ್ಲ.

"ಪೆಟ್ಟೊದ್ದಮ್ಮಾ, ನೀ ಬಿಡ್ಡನೇ ಅನುಕೋ. ಏಮಾಯ ಚೆಪ್ಪು" ಅಂದಳು. ಇಡಬೇಡಮ್ಮಾ, ನಿನ್ನ ಮಗಳೇ ಅಂದ್ಕೋ, ಹೇಳು ಅಂತ.

ಮುದುಕಿ ಮೊಬೈಲಿನ ಜೊತೆ ಸೊಂಟನೋವೂ ಹೇಳ್ಕೊಂಡಳು. ಯಾವ ಗುಂಡಿ ಒತ್ತಬೇಕು ಅಂತ ಇವಳು ಹೇಳಿಕೊಟ್ಟಳು, ಮೊಬೈಲು ಸರಿಹೋಯ್ತು. ಮೇಡಂ ಏನೋ ಬರ್ಕೊಂಡು ಎದ್ದು ಹೋದಳು.

ಎರಡು ವಾರ ಸೊಸೆ ಸರಿಯಾಗಿ ಉಣ್ಣಲಿಲ್ಲ. ಆಮೇಲೆ, ಮೇಡಂ ಬರ್ಕೊಂಡಿದ್ದು ನೋಡಿಯೋ ಏನೋ, ಮೇಲಿನೋರು ಗೋದಾವರಿ ಕಡೆ ಫೋನೆಲ್ಲ ವಿಜಯವಾಡಕ್ಕೆ ತಿರುಗಿಸಿದರು. ಮದನಪಲ್ಲಿ, ಅನಂತಪುರದ್ದು ನಮ್ಮೂರಿಗೇ ಬಿಟ್ಟರು. ಸೊಸೆ ಕಾಯಂ ಆದಳು. ಕಾಗದ ತಂದು ನನ್ನ ಕೈಗೆ ಕೊಟ್ಟಳು. ಇಂಗ್ಲಿಷಲ್ಲಿತ್ತು, ನನಗೆಲ್ಲಿ ಬರ್ತದೆ.

"ನೀನೇ ಓದೇ" ಅಂದೆ. "ಜೋರಾಗಿ ಓದು, ಪಕ್ಕದ ಮನೆಯೋರಿಗೂ ಕೇಳಲಿ."