ನೀಲಿಯವರ ನಡುವೆ ಹಳದಿ ಶಾಲು

ಅಂಕೋಲಾದಿಂದ ಕಾರವಾರಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬರುವ ನನಗೆ ಪಕ್ಕದ ಸೀಟಿನವರ ಕುತೂಹಲ ಹೊಸದಲ್ಲ. ಬಸ್ಸು ಅವರ್ಸಾ ದಾಟುವುದರೊಳಗೆ ನಾನು ಯಾರ ಮಗಳೆಂದು ಅವರಿಗೆ ತಿಳಿದಿರುತ್ತದೆ. ಅಮದಳ್ಳಿಯ ಹೊತ್ತಿಗೆ ಅವರ ಸೊಸೆಯ ಮಂಡಿನೋವು ನನಗೆ ತಿಳಿದಿರುತ್ತದೆ. ಬಿಣಗಾ ಬರುವಷ್ಟರಲ್ಲಿ ನನಗೊಂದು ಗಂಡು ಗೊತ್ತಾಗಿರುತ್ತದೆ. ಒಂದು ಕಾಲಕ್ಕೆ ಇದು ನನಗೆ ಮಹಾ ಕಿರಿಕಿರಿಯಾಗಿತ್ತು. ಯಾರೂ ಏನೂ ಕೇಳದ ದೇಶದಲ್ಲಿ ಎರಡು ವರ್ಷ ಇದ್ದು ಬಂದ ಮೇಲೆ, ಓದುಗರೇ, ನಾನೂ ‘ಎಲ್ಲಿಗೆ ಹೊರಟ್ರಿ?’ ಎಂದು ಮೊದಲು ಕೇಳುವವರ ಪಂಗಡಕ್ಕೆ ಸೇರಿಬಿಟ್ಟಿದ್ದೇನೆ.

ಕಡಲಿನ ಜೀವಿಗಳ ಬಗ್ಗೆ ಓದಲು ನಾನು ಜರ್ಮನಿಯ ಉತ್ತರದ ಒಂದು ಬಂದರು ಊರಿಗೆ ಹೋಗಿದ್ದೆ. ಹುಟ್ಟಿದಾಗಿನಿಂದ ಕಡಲು ನೋಡಿದವಳು ಕಡಲು ಕಲಿಯಲು ಅಷ್ಟು ದೂರ ಹೋಗಬೇಕೇ ಎಂಬ ಅನುಮಾನ ಮನೆಯಲ್ಲಿ ಎಲ್ಲರಿಗೂ ಇತ್ತು. ಚಳಿಗಾಲ ಬಂದಾಗ ನನಗೂ ಬಂತು. ಅಲ್ಲಿನವರು ಕೆಟ್ಟವರಲ್ಲ. ನಾನು ಬರುವವರೆಗೆ ಬಾಗಿಲು ಹಿಡಿದು ನಿಲ್ಲುತ್ತಿದ್ದರು, ನಸುನಗುತ್ತಿದ್ದರು, ಆಮೇಲೆ ತಮ್ಮ ಪಾಡಿಗೆ ಹೊರಟುಹೋಗುತ್ತಿದ್ದರು. ಪರದೇಶಕ್ಕೆ ಹೋದವರು ‘ಪರದೇಶಿ’ಗಳಾಗುವುದು ಬರೀ ವ್ಯಾಕರಣದ ಸಂಗತಿಯಲ್ಲವೆಂದು ನನಗೆ ಅಲ್ಲಿಯೇ ಮನವರಿಕೆಯಾದದ್ದು. ವಾರಗಟ್ಟಲೆ ನನ್ನ ಕೋಣೆಯ ಕೆಟಲ್ ಬಿಟ್ಟರೆ ನನ್ನೊಡನೆ ಸದ್ದು ಮಾಡಿದವರಿಲ್ಲ. ಕೊನೆಗೆ ಒಂದು ಶನಿವಾರ, ಸಂಜೆ ಊರಿನಿಂದ ಅಮ್ಮ, ನಮ್ಮ ಮಾತಿನಲ್ಲಿ ಆಯಿ, ಫೋನು ಮಾಡಿದಾಗ, ಓದು ಬಿಟ್ಟು ಬರುತ್ತೇನೆಂದು ಹೇಳಿಬಿಡುವುದೆಂದು ನಿಶ್ಚಯಿಸಿದೆ.

ಅದೇ ದಿನ ಸಹಪಾಠಿಯೊಬ್ಬಳು ಜ್ವರ ಬಂದು ಮಲಗಿ, ತನ್ನ ಫುಟ್‌ಬಾಲ್ ಪಂದ್ಯದ ಟಿಕೆಟ್ಟನ್ನು ನನಗೆ ದಾಟಿಸಿದಳು. ನನ್ನ ಫುಟ್‌ಬಾಲ್ ಜ್ಞಾನವೆಲ್ಲ ಕಾರವಾರದ ಮರಳ ಮೇಲೆ ಸಂಪಾದಿಸಿದ್ದು; ಚೆಂಡು ಕಡಲಿಗೆ ಬಿದ್ದರೆ ಒದ್ದವನೇ ಈಜಿ ತರಬೇಕು ಎಂಬ ಒಂದೇ ನಿಯಮ ನನಗೆ ಖಚಿತವಾಗಿ ಗೊತ್ತಿತ್ತು. ಆದರೂ ಕೋಣೆಯಲ್ಲಿ ಕೂತು ಸಂಜೆಗೆ ಕಾಯುವುದಕ್ಕಿಂತ ಇದು ಮೇಲೆಂದು ಆಯಿ ಕೊಟ್ಟ ಅರಿಶಿನ ಬಣ್ಣದ ಶಾಲು ಹೊದ್ದು ಹೊರಟೆ.

ಗ್ಯಾಲರಿಯ ಮೆಟ್ಟಿಲು ಹತ್ತಿದಾಗ ಕಂಡದ್ದು ನೀಲಿ ಸಮುದ್ರ. ಟೊಪ್ಪಿ ನೀಲಿ, ಅಂಗಿ ನೀಲಿ, ಕೆಲವರ ಕೆನ್ನೆಯೂ ನೀಲಿ. ಎದುರಾಳಿಗಳು ಮಾತ್ರ ಹಳದಿ. ಶತ್ರುಪಾಳಯದ ಬಾವುಟವನ್ನು ಮೈತುಂಬ ಸುತ್ತಿಕೊಂಡು, ದಾರಿ ತಪ್ಪಿದ ಕೋಳಿಯಂತೆ ನಾನು ಸೀಟು ಹುಡುಕುತ್ತಿದ್ದರೆ ಸಾಲುಸಾಲಾಗಿ ತಲೆಗಳು ತಿರುಗಿದವು. ಅಷ್ಟು ತಿಂಗಳಲ್ಲಿ ಆ ಊರು ನನ್ನನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು.

ನನ್ನ ಸೀಟಿನ ಪಕ್ಕದಲ್ಲಿ ದಪ್ಪ ಕನ್ನಡಕದ ಅಜ್ಜಿಯೊಬ್ಬರು ಒಬ್ಬರೇ ಕೂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಿಡಿಬಿಡಿ ಇಂಗ್ಲಿಷಿನಲ್ಲಿ “ಈ ಬಣ್ಣ ಇಲ್ಲಿ ಬೇಡ” ಎಂದರು. ನಾನು ಎದ್ದು ಹೋಗಬೇಕೇನೋ ಎಂದುಕೊಳ್ಳುವಷ್ಟರಲ್ಲಿ, ತಮ್ಮ ಕತ್ತಿನ ನೀಲಿ ಮಫ್ಲರು ಬಿಚ್ಚಿ ನನ್ನ ಕತ್ತಿಗೆ ಸುತ್ತಿ, ನನ್ನ ಶಾಲನ್ನು ಮಡಚಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಡಬ್ಬಿ ತೆಗೆದು ಬೆಣ್ಣೆ ಹಚ್ಚಿದ ಬ್ರೆಡ್ಡಿನಲ್ಲಿ ಅರ್ಧ ಮುರಿದು ಕೊಟ್ಟರು. “ಎಲ್ಲಿಯವಳು?” ಎಂದು ಕೇಳಿದರು. ಆ ಪ್ರಶ್ನೆಯ ರುಚಿಯ ಮುಂದೆ ಬ್ರೆಡ್ಡು ಸಪ್ಪೆಯಾಯಿತು.

ಆಟ ಅರ್ಧ ಮುಗಿದಾಗ ಆಯಿಯ ವೀಡಿಯೊ ಕರೆ ಬಂತು. ಸುತ್ತಲಿನ ಅಬ್ಬರ ಕೇಳಿ ಅವಳ ಮುಖ ಸಣ್ಣದಾಯಿತು.

“ಎಂತಾ ಗಲಾಟಿ ಮಗಾ ಅದು? ಹೊಡ್ದಾಟ ಆಗ್ತದ್ಯಾ?”

“ಇಲ್ಲ ಆಯಿ, ಫುಟ್‌ಬಾಲ್ ಆಟ.”

“ಹಂಗಾರೆ ನಮ್ಮವ್ರು ಯಾರು?”

ಹೇಳಬೇಕೆಂದಿದ್ದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬಾಯಿಂದ ಬಂದದ್ದು “ನೀಲಿಯವ್ರು” ಎಂದು. ಹೇಳಿದ ಮೇಲೆ ನಾನೇ ಬೆರಗಾದೆ. ಹೆಸರೂ ಗೊತ್ತಿಲ್ಲದ ಹನ್ನೊಂದು ಮಂದಿ, ಹೆಸರು ಕೇಳದ ಒಬ್ಬ ಅಜ್ಜಿ. ಇಷ್ಟರಲ್ಲೇ ನನಗೆ ಅಲ್ಲಿ ‘ನಮ್ಮವರು’ ಆಗಿಬಿಟ್ಟಿದ್ದರು.

ಅಜ್ಜಿ ಫೋನಿನೊಳಗೆ ಇಣುಕಿದರು. ಆಯಿ ಕನ್ನಡದಲ್ಲಿ “ಊಟ ಆಯ್ತ್ರಾ?” ಎಂದಳು, ಅಜ್ಜಿ ಜರ್ಮನ್‌ನಲ್ಲಿ ಏನೋ ಉದ್ದಕ್ಕೆ ಹೇಳಿದರು, ಇಬ್ಬರೂ ಪೂರ್ತಿ ಅರ್ಥವಾದವರಂತೆ ತಲೆಯಾಡಿಸಿದರು. ಫೋನಿಡುವ ಮುಂಚೆ ಆಯಿ, “ಅವ್ರ ಬಗಲಿಗೇ ಕೂತ್ಕೊ, ಆಚೆ ಈಚೆ ಹೋಗ್ಬೇಡ” ಎಂದಳು.

ನಮ್ಮವರು ಹೀನಾಯವಾಗಿ ಸೋತರು. ಗೋಲು ನೋಡಲು ಹೋದವಳು ಊರವರೊಡನೆ ಕೂತು ಗೋಳಾಡಿದೆ. ನನ್ನ ಸ್ವಂತ ಗೋಳು ಮಾತ್ರ ಎಲ್ಲಿ ಬಿದ್ದುಹೋಯಿತೋ ತಿಳಿಯಲಿಲ್ಲ. ಹೊರಗೆ ಬಂದ ಮೇಲೆ ಅಜ್ಜಿ ಮಫ್ಲರು ವಾಪಸು ತೆಗೆದುಕೊಂಡು, ಶಾಲನ್ನು ನನ್ನ ಕಿವಿ ಮುಚ್ಚುವಂತೆ ಹೊದಿಸಿ, ಕೆನ್ನೆ ತಟ್ಟಿ ಜನರ ನಡುವೆ ನಡೆದುಹೋದರು. ಅವರನ್ನು ಮತ್ತೆ ನೋಡಲಿಲ್ಲ. ಆದರೆ ಸೋಮವಾರ ತರಗತಿಗೆ ಹೋದೆ, ಪಕ್ಕದಲ್ಲಿ ಕೂತವಳ ಊರು ಯಾವುದೆಂದು ನಾನೇ ಕೇಳಿದೆ. ಓದು ಮುಗಿಯಿತು.

ಊರಿಗೆ ಮರಳಿದಾಗ ಆಯಿ ಮೊದಲು ವಿಚಾರಿಸಿದ್ದು ಅವರನ್ನೇ.

“ಆ ಅಮ್ಮನ್ನ ಒಂದಿನ ಊಟಕ್ಕೆ ಕರ್ದಿದ್ಯಾ?”

ಮತ್ತೆ ಸಿಗಲೇ ಇಲ್ಲವೆಂದೆ. “ಛೆ” ಎಂದು ಆಯಿ ಅಡಿಗೆಮನೆಗೆ ಎದ್ದುಹೋದಳು.

ಈಗ ನಾನು ಕಾರವಾರದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಹೋದ ಭಾನುವಾರ ಚಿತ್ತಾಕುಲದಲ್ಲಿ ಫುಟ್‌ಬಾಲ್ ಪಂದ್ಯವಿದೆಯೆಂದು ಹೊರಟಾಗ ಆಯಿ ಕೋಳಿ ಸುಕ್ಕವನ್ನೂ ಒಂದು ರಾಶಿ ವಡೆಯನ್ನೂ ಕಟ್ಟಿಕೊಟ್ಟಳು. ಒಬ್ಬಳಿಗೆ ಇಷ್ಟು ಎಂತಕೆ ಎಂದೆ.

“ಒಬ್ಳಿಗೆ ಅಂತ ಯಾರು ಹೇಳಿದ್ರು? ಬಗಲಿಗೆ ಯಾರಾದ್ರೂ ಕೂತಿರ್ತ್ರಲ್ಲ” ಎಂದಳು.

ಕೂತಿದ್ದರು. ಬೈತಖೋಲದ ಬಂದರಿನಲ್ಲಿ ಲೋಡಿಂಗ್ ಕೆಲಸಕ್ಕೆಂದು ಒಡಿಶಾದಿಂದ ಬಂದ ಕಾರ್ಮಿಕರೊಬ್ಬರು. ಡಬ್ಬಿ ಮುಂದೆ ಹಿಡಿದಾಗ ಮೊದಲು ಬೇಡವೆಂದು ಕೈಯಾಡಿಸಿದರು, ಆಮೇಲೆ ಒಂದು ವಡೆ ತೆಗೆದುಕೊಂಡು, ನನಗೆ ಇನ್ನಷ್ಟು ಜಾಗವಾಗಲೆಂದು ಸ್ವಲ್ಪ ಸರಿದು ಕೂತರು.